ಕುರ್ದರ ನೌರೋಜ್‌ಗೆ ಹೋಗುವುದು ಹೇಗೆ? ಪಂಜಿನಿಂದ ವನಭೋಜನದವರೆಗೆ

ಮಾರ್ಚ್ 20ರ ಸಂಜೆ ಉತ್ತರ ಇರಾಕ್‌ನ ಗುಡ್ಡಗಳ ಮೇಲೆ ಬೆಂಕಿ ಹೊತ್ತಿಕೊಳ್ಳುತ್ತದೆ. ಟರ್ಕಿಯ ಆಗ್ನೇಯ ಭಾಗ, ಇರಾನ್‌ನ ಪಶ್ಚಿಮ ಭಾಗ, ಸಿರಿಯಾದ ಉತ್ತರ ಭಾಗ, ಹೀಗೆ ಕುರ್ದರು ಇರುವ ಕಡೆಯೆಲ್ಲ ಆ ಒಂದೆರಡು ದಿನ ಇದೇ ಸಂಭ್ರಮ. ಅದು ಅವರ ಹೊಸ ವರ್ಷದ ಹಬ್ಬ, ನೌರೋಜ್. ಜರ್ಮನಿ, ಬ್ರಿಟನ್, ಅಮೆರಿಕಕ್ಕೆ ಹೋದವರೂ ಬಿಟ್ಟಿಲ್ಲ.

ಇರಾಕಿ ಕುರ್ದಿಸ್ತಾನದ ರಾಜಧಾನಿ ಎರ್ಬಿಲ್‌ನಲ್ಲಿ ಕೆಲಸಕ್ಕಿರುವ ನಮ್ಮವರಿಗೆ, ಬರ್ಲಿನ್ ಅಥವಾ ಲಂಡನ್‌ನಲ್ಲಿ ಕುರ್ದ್ ನೆರೆಹೊರೆ ಇರುವವರಿಗೆ, ಸುಮ್ನೆ ಆ ಕಡೆ ಸುತ್ತಾಡಲು ಹೋಗುವವರಿಗೆ ಒಂದಲ್ಲ ಒಂದು ವರ್ಷ ಕರೆ ಬಂದೇ ಬರುತ್ತದೆ. ಹೋಗುವ ಮುಂಚೆ ಒಂದು ವಿಷಯ ತಿಳಿದಿರಲಿ. ಈ ಹಬ್ಬದಲ್ಲಿ ಪ್ರೇಕ್ಷಕರಿಗೆ ಅಂತ ಜಾಗ ಇಟ್ಟಿರುವುದಿಲ್ಲ. ಬದಿಯಲ್ಲಿ ನಿಂತು ಫೋಟೊ ತೆಗೆಯುತ್ತಿದ್ದರೆ ಯಾರೋ ಬಂದು ಕೈ ಹಿಡಿದು ಕುಣಿತದ ಸಾಲಿಗೆ ಎಳೆದುಕೊಳ್ಳುತ್ತಾರೆ. ಅದಕ್ಕೇ ಸ್ವಲ್ಪ ತಯಾರಿ ಬೇಕು.

1. ಮೊದಲು ಕ್ಯಾಲೆಂಡರ್ ನೋಡಿ

ವಸಂತದಲ್ಲಿ ಹಗಲು-ರಾತ್ರಿ ಸಮ ಆಗುವ ಹೊತ್ತಿಗೆ ನೌರೋಜ್ ಬರುತ್ತದೆ. ಕುರ್ದರಿಗೆ ಇದು ಎರಡು ಕಂತಿನ ಹಬ್ಬ. 20ರ ಸಂಜೆ ಬೆಂಕಿ, 21ರ ಹಗಲು ವನಭೋಜನ. ಇರಾನ್‌ನ ಮನೆಗಳಲ್ಲಿ ವರ್ಷ ಬದಲಾಗುವ ಆ ಕ್ಷಣವನ್ನು ಗಡಿಯಾರ ನೋಡುತ್ತ ಕಾಯುತ್ತಾರೆ. ಇರಾಕ್‌ನ ಕುರ್ದರು ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಸೂರ್ಯ ಮುಳುಗಿದನಾ, ಪಂಜು ಹಚ್ಚು, ಅಷ್ಟೇ.

2026ರ ಚಾಂದ್ರಮಾನ ಯುಗಾದಿ ಮಾರ್ಚ್ 19ಕ್ಕೆ. ಬೇವು-ಬೆಲ್ಲ ತಿಂದ ಮರುದಿನ ಸಂಜೆಯೇ ಅಲ್ಲಿ ಪಂಜು. ಆದರೆ ಪ್ರತಿ ವರ್ಷ ಹೀಗೆ ಕೂಡಿ ಬರುವುದಿಲ್ಲ. ಯುಗಾದಿಗೆ ಚಂದ್ರನ ಲೆಕ್ಕ ಬೇಕು, ನೌರೋಜ್‌ಗೆ ಸೂರ್ಯನದು ಸಾಕು. ನಮ್ಮಲ್ಲಿ ಇದರ ನಿಜವಾದ ನೆಂಟರು ಪಾರ್ಸಿಗಳು. ಅವರ ಜಮ್ಶೇದಿ ನವ್ರೋಜ್ ಕೂಡ ಮಾರ್ಚ್ 21ಕ್ಕೇ, ಎರಡಕ್ಕೂ ಬೇರು ಪ್ರಾಚೀನ ಇರಾನಿ ವಸಂತ ಹಬ್ಬ. 2009ರಲ್ಲಿ ಯುನೆಸ್ಕೊ ನೌರೋಜನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇರಾನ್, ಟರ್ಕಿಗಳ ಜೊತೆ ಭಾರತದ ಹೆಸರೂ ಇತ್ತು. ಮರುವರ್ಷ ವಿಶ್ವಸಂಸ್ಥೆ ಮಾರ್ಚ್ 21ನ್ನು ಅಂತಾರಾಷ್ಟ್ರೀಯ ನೌರೋಜ್ ದಿನ ಎಂದು ಸಾರಿತು.

ಕುರ್ದ್ ವರ್ಷ ತಿಳಿಯಲು ನಮ್ಮ ಇಸವಿಗೆ 700 ಕೂಡಿಸಿ. 2026ರ ನೌರೋಜ್‌ಗೆ ಶುರುವಾಗುವುದು 2726. ಈ ಸಂಖ್ಯೆಯನ್ನು ಬ್ಯಾನರ್ ಮೇಲೆ, ಶುಭಾಶಯದ ಮೆಸೇಜ್‌ಗಳಲ್ಲಿ ಕಾಣುತ್ತೀರಿ.

ರಂಜಾನ್ ಯಾವಾಗ ಬರುತ್ತದೆ ಅಂತಲೂ ನೋಡಿಕೊಳ್ಳಿ. 2024 ಮತ್ತು 2025ರಲ್ಲಿ ನೌರೋಜ್ ಉಪವಾಸದ ತಿಂಗಳಲ್ಲೇ ಬಂದಿತ್ತು. ಅಂಥ ವರ್ಷ ಹಗಲಿನ ಊಟ ಸಂಜೆಗೆ ಸರಿಯುತ್ತದೆ, ಬಯಲಲ್ಲಿ ಎಲ್ಲರೆದುರು ತಿನ್ನುತ್ತ ಕೂರುವುದು ಚೆಂದ ಕಾಣುವುದಿಲ್ಲ. ಇನ್ನು ಹಲವು ವರ್ಷ ಈ ತೊಂದರೆ ಇರುವುದಿಲ್ಲ, ರಂಜಾನ್ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ.

ಇನ್ನೊಂದು ತಾರೀಖು ಮರೆಯಬೇಡಿ: ಮಾರ್ಚ್ 16. 1988ರ ಆ ದಿನ ಸದ್ದಾಂ ಹುಸೇನ್ ಸೇನೆ ಹಲಬ್ಜಾ ಊರಿನ ಮೇಲೆ ವಿಷಾನಿಲ ಸುರಿಯಿತು. ಸುಮಾರು 5,000 ಜನ ಸತ್ತರು. ನೌರೋಜ್‌ಗೆ ನಾಲ್ಕೇ ದಿನ ಮುಂಚೆ ಬರುವ ಈ ದಿನ ಊರೂರಲ್ಲಿ ಮೌನ ಆಚರಿಸುತ್ತಾರೆ. ಹಬ್ಬದ ಹುರುಪಲ್ಲಿ ಬೇಗ ಹೋಗಿ ಇಳಿದವರು ಅವತ್ತು ಹಾಡು-ಗೀಡು ಅಂತ ಗದ್ದಲ ಮಾಡಬೇಡಿ.

2. ಕಾವಾನ ಕಥೆ ಕೇಳಿಕೊಂಡು ಹೋಗಿ

ಕಥೆ ಗೊತ್ತಿಲ್ಲದಿದ್ದರೆ ಆ ಬೆಂಕಿ ಬರೀ ಬೆಂಕಿಯಾಗಿಯೇ ಕಾಣುತ್ತದೆ. ಝುಹಾಕ್ ಅಂತ ಒಬ್ಬ ಕ್ರೂರ ರಾಜ. ಅವನ ಎರಡು ಹೆಗಲ ಮೇಲೆ ಎರಡು ಹಾವು ಹುಟ್ಟಿಕೊಂಡವು. ಅವಕ್ಕೆ ದಿನಾ ಎರಡು ಹುಡುಗರ ಮಿದುಳು ಉಣಿಸಬೇಕು. ಅರಮನೆಯ ಅಡುಗೆಯವರಿಗೆ ಕರುಳು ಚುರ್ ಅಂತು. ಇಬ್ಬರಲ್ಲಿ ಒಬ್ಬನನ್ನು ಗುಟ್ಟಾಗಿ ಬಿಟ್ಟು, ಅವನ ಬದಲು ಕುರಿಯ ಮಿದುಳು ಬೆರೆಸಿ ಬಡಿಸತೊಡಗಿದರು. ಹಾಗೆ ಉಳಿದ ಹುಡುಗರು ಬೆಟ್ಟ ಸೇರಿದರು. ನಾವು ಅವರ ಮಕ್ಕಳು ಅಂತ ಕುರ್ದರು ಹೇಳಿಕೊಳ್ಳುತ್ತಾರೆ.

ಕಾವಾ ಕಮ್ಮಾರ. ಒಬ್ಬೊಬ್ಬರಾಗಿ ಗಂಡುಮಕ್ಕಳನ್ನೆಲ್ಲ ಹಾವಿಗೆ ಕೊಟ್ಟು ಕೊನೆಗೆ ಒಬ್ಬ ಮಗ ಉಳಿದಿದ್ದ. ಅವನ ಸರದಿಯೂ ಬಂದಾಗ ಕಾವಾ ಸುತ್ತಿಗೆ ಹಿಡಿದು ಹೊರಟ. ಝುಹಾಕ್‌ನನ್ನು ಮುಗಿಸಿ, ಸುದ್ದಿ ತಿಳಿಸಲು ಬೆಟ್ಟದ ಮೇಲೆ ಬೆಂಕಿ ಹಚ್ಚಿದ. ಕೆಲವು ಮನೆಗಳ ಕಥೆಯಲ್ಲಿ ಅಲ್ಲಿಯವರೆಗೂ ಆ ನಾಡಿಗೆ ವಸಂತವೇ ಬಂದಿರಲಿಲ್ಲ, ಮರುದಿನ ಬಂತು.

ಫಿರ್ದೌಸಿ ಬರೆದ ಪರ್ಷಿಯನ್ ಮಹಾಕಾವ್ಯ ಶಾಹನಾಮೆ ಓದಿದವರಿಗೆ ಇಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ಅಲ್ಲಿ ಕಾವಾ ತನ್ನ ಚರ್ಮದ ಏಪ್ರನ್ನನ್ನೇ ಬಾವುಟ ಮಾಡಿ ದಂಗೆ ಎಬ್ಬಿಸುತ್ತಾನೆ. ಆದರೆ ಝುಹಾಕ್‌ನನ್ನು ಹಿಡಿದು ದಮಾವಂದ್ ಬೆಟ್ಟದಲ್ಲಿ ಕಟ್ಟಿಹಾಕುವುದು ರಾಜವಂಶದ ಫರೀದೂನ್. ಕುರ್ದರ ಬಾಯಿಮಾತಿನ ಕಥೆಯಲ್ಲಿ ರಾಜಕುಮಾರನಿಗೆ ಕೆಲಸವೇ ಇಲ್ಲ, ಕಮ್ಮಾರನೇ ಎಲ್ಲ ಮುಗಿಸುತ್ತಾನೆ. ಅಲ್ಲಿ ಕೂತು "ಪುಸ್ತಕದಲ್ಲಿ ಹಾಗಿಲ್ಲವಲ್ಲ" ಅಂತ ತಿದ್ದಲು ಹೋಗಬೇಡಿ. ನನಗಂತೂ ಕಮ್ಮಾರನ ಕಥೆಯೇ ಹೆಚ್ಚು ಇಷ್ಟ.

3. ಎಲ್ಲಿಗೆ ಹೋಗುವುದು?

ಮೊದಲ ಸಲ ಹೋಗುವವರಿಗೆ ನನ್ನ ಓಟು ಅಕ್ರೆಗೆ. ಇದು ಇರಾಕಿ ಕುರ್ದಿಸ್ತಾನದ ದುಹೋಕ್ ಪ್ರಾಂತ್ಯದ ಹಳೆಯ ಊರು. ಮನೆಗಳು ಬೆಟ್ಟದ ಬದಿಗೆ ಒಂದರ ಮೇಲೊಂದು ಹತ್ತಿಕೊಂಡಿವೆ, ನೆತ್ತಿಯ ಮೇಲೆ ಬೋಳು ಬೆಟ್ಟ. ನೌರೋಜ್‌ನ ರಾಜಧಾನಿ ಅಂತಲೇ ಇದಕ್ಕೆ ಹೆಸರು. ಎರ್ಬಿಲ್‌ನಿಂದ ರಸ್ತೆಯಲ್ಲಿ ಸುಮಾರು ಎರಡು ಗಂಟೆ. ಹಬ್ಬದ ದಿನ ಮಾತ್ರ ಆ ಲೆಕ್ಕ ನಂಬಬೇಡಿ. ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿರುವಂತೆ ಹೊರಡಿ. ರಾತ್ರಿ ವಾಪಸು ಬರುವಾಗ ಗಾಡಿಗಳು ಗಂಟೆಗಟ್ಟಲೆ ನಿಂತಲ್ಲೇ ನಿಲ್ಲುತ್ತವೆ, ಡ್ರೈವರ್ ಜೊತೆ ದುಡ್ಡಿನ ಮಾತು ಮೊದಲೇ ಮುಗಿಸಿಕೊಳ್ಳಿ. ಊರಲ್ಲಿ ಉಳಿಯಲು ಜಾಗ ಕಡಿಮೆ. ದುಹೋಕ್ ಅಥವಾ ಎರ್ಬಿಲ್‌ನಲ್ಲಿ ರೂಮ್ ಮಾಡಿಕೊಂಡು ಓಡಾಡುವುದೇ ವಾಸಿ.

ನೂಕುನುಗ್ಗಲು ಬೇಡ ಅನ್ನುವವರಿಗೆ ಸುಲೈಮಾನಿಯಾ ಚೆನ್ನ. ಅಲ್ಲಿ ಮಾಮಾ ಯಾರಾ ಅನ್ನುವ ಗುಡ್ಡ ಇದೆ. ಕಳೆದ ಶತಮಾನದ ಮೊದಲರ್ಧದಲ್ಲಿ ಕವಿ ಪೀರಮೇರ್ದ್ ಜನರನ್ನು ಕರೆದುಕೊಂಡು ಹೋಗಿ ಆ ಗುಡ್ಡದಲ್ಲಿ ಬಹಿರಂಗವಾಗಿ ನೌರೋಜ್ ಆಚರಿಸತೊಡಗಿದರು. ಅವರ ಸಮಾಧಿಯೂ ಅಲ್ಲೇ ಇದೆ. ಇನ್ನು ಎರ್ಬಿಲ್‌ನಲ್ಲೇ ಇರುವವರು ಕೋಟೆಯ ಕೆಳಗಿನ ಚೌಕಕ್ಕೆ ಹೋಗಬಹುದು.

ಟರ್ಕಿಯ ದಿಯಾರ್‌ಬಕಿರ್‌ನದು ಬೇರೆಯೇ ಬಗೆ. ಕುರ್ದರು ಈ ಊರನ್ನು ಆಮೆದ್ ಅನ್ನುತ್ತಾರೆ. ಅಲ್ಲಿ ನೌರೋಜ್‌ಗೆಂದೇ ಒಂದು ದೊಡ್ಡ ಮೈದಾನ ಇದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ಅದು ಹಬ್ಬವೂ ಹೌದು, ರಾಜಕೀಯ ಸಭೆಯೂ ಹೌದು. ಟರ್ಕಿಯಲ್ಲಿ ಬಹಳ ಕಾಲ ಈ ಹಬ್ಬಕ್ಕೆ ತಡೆ ಇತ್ತು. 1992ರಲ್ಲಿ ಜಿಜ್ರೆ, ನುಸೈಬಿನ್, ಶಿರ್ನಾಕ್ ಊರುಗಳಲ್ಲಿ ನೌರೋಜ್‌ಗೆ ಸೇರಿದವರ ಮೇಲೆ ಗುಂಡು ಹಾರಿ ಹತ್ತಾರು ಜನ ಸತ್ತರು. 2013ರಲ್ಲಿ ಜೈಲಿನಲ್ಲಿದ್ದ ಕುರ್ದ್ ಬಂಡುಕೋರ ಸಂಘಟನೆ ಪಿಕೆಕೆಯ ಸ್ಥಾಪಕ ಅಬ್ದುಲ್ಲಾ ಒಜಲಾನ್ ಕದನವಿರಾಮಕ್ಕೆ ಕರೆ ಕೊಟ್ಟು ಬರೆದ ಪತ್ರವನ್ನು ಓದಿದ್ದೂ ಇದೇ ಮೈದಾನದಲ್ಲಿ, ಇದೇ ದಿನ. ಹೋಗುವುದಾದರೆ ಪೊಲೀಸ್ ತಪಾಸಣೆಗೆ ಸಮಯ ಇಟ್ಟುಕೊಳ್ಳಿ, ಪಾಸ್‌ಪೋರ್ಟ್ ಜೊತೆಗಿರಲಿ. ಅರ್ಥ ಗೊತ್ತಿಲ್ಲದ ಘೋಷಣೆ ಕೂಗಬೇಡಿ, ಯಾರೋ ಕೈಗಿತ್ತ ಬಾವುಟ, ಫೋಟೊ ಹಿಡಿಯಬೇಡಿ. ಅಲ್ಲಿಯವರಿಗೆ ಅದು ಅವರ ಹಕ್ಕಿನ ಮಾತು, ನಿಮಗೆ ವೀಸಾದ ಮಾತು.

ಇರಾನ್‌ನಲ್ಲಿ ಕಾಮ್ಯಾರಾನ್ ಬಳಿಯ ಪಲಂಗಾನ್ ಹಳ್ಳಿಯ ಪಂಜಿನ ಮೆರವಣಿಗೆ ಬಹಳ ಹೆಸರಾದದ್ದು. ಕಣಿವೆಯ ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಮನೆಗಳು. ಒಬ್ಬರ ಮನೆ ಚಾವಣಿಯೇ ಇನ್ನೊಬ್ಬರ ಅಂಗಳ.

ಗಡಿ, ವೀಸಾ, ಭದ್ರತೆ ಈ ಕಡೆ ದಿಢೀರ್ ಅಂತ ಬದಲಾಗುತ್ತವೆ. ಟಿಕೆಟ್ ಮಾಡುವ ಮೊದಲು ವಿದೇಶಾಂಗ ಇಲಾಖೆಯ ಸಲಹೆ ಓದಿ. ಎರ್ಬಿಲ್‌ನಲ್ಲಿ ಭಾರತದ ಕಾನ್ಸುಲೇಟ್ ಇದೆ, ಅದರ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಇಷ್ಟೆಲ್ಲ ರಗಳೆ ಬೇಡ ಅಂದರೆ ಲಂಡನ್, ಫ್ರಾಂಕ್‌ಫರ್ಟ್, ಅಮೆರಿಕದ ನ್ಯಾಶ್‌ವಿಲ್‌ನಂಥ ಊರುಗಳಲ್ಲಿ ಕುರ್ದ್ ಸಮುದಾಯ ದೊಡ್ಡದಿದೆ, ಹಬ್ಬವೂ ದೊಡ್ಡದೇ.

4. ಬಟ್ಟೆ: ಒಂದು ವಾರ ಮುಂಚೆ

ಕುರ್ದ್ ಉಡುಗೆ ಕಡ್ಡಾಯವಲ್ಲ. ಆದರೆ ತೊಟ್ಟು ಹೋದರೆ ಅವರಿಗೆ ಆಗುವ ಖುಷಿಯೇ ಬೇರೆ. ಹೊರಗಿನವರು ತೊಟ್ಟರೆ ಬೇಸರ ಮಾಡಿಕೊಳ್ಳುವವರನ್ನು ಕಾಣುವುದು ಕಷ್ಟ. ಮಾರ್ಚ್ ಮೊದಲ ವಾರದಿಂದಲೇ ಬಟ್ಟೆ ಅಂಗಡಿ ಮತ್ತು ದರ್ಜಿಗಳ ಮುಂದೆ ಗುಂಪು. ಹೊಲಿಸುವುದಾದರೆ ಫೆಬ್ರವರಿಯಲ್ಲೇ ಕೊಡಿ. ಇಲ್ಲ ಅಂದರೆ ರೆಡಿ ಸಿಗುತ್ತದೆ. ಸ್ನೇಹಿತರ ಮನೆಯಲ್ಲಿ ಕೇಳಿದರಂತೂ ನಾಲ್ಕು ಜೊತೆ ತಂದು ಮುಂದಿಡುತ್ತಾರೆ.

ಹೆಂಗಸರದು ಒಳಗೊಂದು ಲಂಗ, ಮೇಲೆ ಕಾಲ್ಬೆರಳು ಮುಟ್ಟುವ ತೆಳು ಬಟ್ಟೆಯ ನಿಲುವಂಗಿ, ಅದರ ಮೇಲೆ ಚಿಕ್ಕ ಜಾಕೆಟ್ ಅಥವಾ ಉದ್ದ ಕೋಟು, ಸೊಂಟಕ್ಕೆ ಪಟ್ಟಿ. ಬಟ್ಟೆ ತುಂಬ ಮಿನುಗು, ಹಳದಿ, ಕೆಂಪು, ಕಡುನೀಲಿ. ನಿಲುವಂಗಿಯ ತೋಳಿನ ತುದಿಗೆ ಉದ್ದನೆಯ ಬಾಲ ಇರುತ್ತದೆ. ಅದನ್ನು ತೋಳಿಗೆ ಸುತ್ತಿಕೊಳ್ಳುತ್ತಾರೆ ಅಥವಾ ಬೆನ್ನ ಹಿಂದೆ ಒಯ್ದು ಗಂಟು ಹಾಕುತ್ತಾರೆ. ಹಾಗೇ ಜೋತು ಬಿಟ್ಟರೆ ಬೆಂಕಿಗೂ ಬೀಳುತ್ತದೆ, ಚಹಾದ ಲೋಟಕ್ಕೂ ಬೀಳುತ್ತದೆ.

ಗಂಡಸರದು ದೊಗಲೆ ಷರಾಯಿ, ಅದರೊಳಗೆ ಸಿಕ್ಕಿಸಿದ ಜಾಕೆಟ್, ಮೇಲೆ ಹಲವು ಮೀಟರ್ ಉದ್ದದ ಸೊಂಟಪಟ್ಟಿ. ಒಬ್ಬರೇ ಇದನ್ನು ಸುತ್ತಿಕೊಳ್ಳುವುದು ಕಷ್ಟ. ಇನ್ನೊಬ್ಬರು ತುದಿ ಎಳೆದು ಹಿಡಿಯಬೇಕು, ನೀವು ಗಿರಗಿರ ತಿರುಗುತ್ತ ಅವರ ಕಡೆ ಹೋಗಬೇಕು. ಬಿಗಿ ಬೇಕು, ಕುಣಿಯುವಾಗ ಸಡಿಲವಾದರೆ ಕಾಲಿಗೆ ಸಿಕ್ಕುತ್ತದೆ. ಮೆಟ್ಟಿಕೊಳ್ಳಲು ಕಲಾಶ್ ಸಿಕ್ಕರೆ ಕೊಳ್ಳಿ. ಹವ್ರಾಮಾನ್ ಕಡೆ ಕೈಯಲ್ಲಿ ಹೆಣೆಯುವ ಬಿಳಿ ಹತ್ತಿ ನೂಲಿನ ಮೆಟ್ಟು. ಬಯಲಲ್ಲಿ ಕುಣಿಯಲು ಹಗುರ. ಗುಡ್ಡ ಹತ್ತಲು ಮಾತ್ರ ಶೂ ಹಾಕಿ.

ಮೇಲೊಂದು ಜಾಕೆಟ್ ಇಟ್ಟುಕೊಳ್ಳಿ. ಮಾರ್ಚ್ ರಾತ್ರಿ ಬೆಟ್ಟದ ಊರುಗಳಲ್ಲಿ ಚೆನ್ನಾಗಿ ಚಳಿ, ಮಳೆಯೂ ಬರಬಹುದು.

5. ಬೆಂಕಿಯ ಸಂಜೆ

ಅಕ್ರೆಯ ಕ್ರಮ ಹೇಳುತ್ತೇನೆ, ಉಳಿದ ಕಡೆ ಇದರದೇ ಸಣ್ಣ ರೂಪ. ಮಧ್ಯಾಹ್ನದಿಂದಲೇ ಚೌಕದಲ್ಲಿ ದಹೋಲ್ ಮತ್ತು ಝುರ್ನಾ ಶುರು. ದಹೋಲ್ ದೊಡ್ಡ ಡೋಲು. ಝುರ್ನಾದ ದನಿ ನಮ್ಮ ಊರ ಓಲಗದ ಹಾಗೆ, ಎರಡು ಬೀದಿ ಆಚೆಯಿಂದಲೇ ಎಳೆದುಕೊಂಡು ಬರುತ್ತದೆ. ನಾಲ್ಕು ಗಂಟೆ ಹೊತ್ತಿಗೆ ಮನೆಗಳ ಚಾವಣಿಗಳು ತುಂಬುತ್ತವೆ. ನೀವೂ ಆ ಹೊತ್ತಿಗೆ ಜಾಗ ಹಿಡಿಯಬೇಕು. ಚೌಕದಲ್ಲಿ ನಿಂತರೆ ಗದ್ದಲದ ನಡುವೆ ಇರುತ್ತೀರಿ, ಎದುರಿನ ದಿಬ್ಬ ಹತ್ತಿದರೆ ಬೆಟ್ಟ ಪೂರ್ತಿ ಕಾಣುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ದಿಬ್ಬವೇ ಸರಿ. ಯಾರಾದರೂ ಚಾವಣಿಗೆ ಕರೆದರೆ ಬೇಡ ಅನ್ನಬೇಡಿ, ಚಹಾವೂ ಸಿಗುತ್ತದೆ.

ಕತ್ತಲಾಗುತ್ತಿದ್ದಂತೆ ಕುರ್ದ್ ಉಡುಗೆಯ ಯುವಕರು ಪಂಜು ಹಿಡಿದು ಬೆಟ್ಟ ಹತ್ತತೊಡಗುತ್ತಾರೆ. ಹೆಣ್ಣುಮಕ್ಕಳೂ ಇರುತ್ತಾರೆ. ದಾರಿ ಅಂಕುಡೊಂಕು, ಅದರ ಮೇಲೆ ನೂರಾರು ಪಂಜು ಸಾಲಾಗಿ ಹರಿಯುತ್ತವೆ. ತುದಿ ತಲುಪಿದಾಗ ದೊಡ್ಡ ಬೆಂಕಿ, ಕುರ್ದಿಸ್ತಾನದ ಬಾವುಟ, ಪಟಾಕಿ. ಆ ಬಾವುಟದ ನಡುವಿನ ಸೂರ್ಯನಿಗೆ 21 ಕಿರಣ. ಅದು ಮಾರ್ಚ್ 21ರ ನೆನಪಿಗೆ ಅಂತ ಅಲ್ಲಿ ಹೇಳುತ್ತಾರೆ.

ಪಂಜು ಹಿಡಿದು ಮೇಲೆ ಹೋಗುವವರು ಮೊದಲೇ ಹೆಸರು ಕೊಟ್ಟು ತಯಾರಾದ ಊರಿನವರು. ಅವರ ಮಧ್ಯೆ ನುಗ್ಗಬೇಡಿ. ಆದರೆ ಹಳ್ಳಿಗಳಲ್ಲಿ ಅಥವಾ ಸಣ್ಣ ಗುಂಪಿನಲ್ಲಿ ನಿಮ್ಮ ಕೈಗೂ ಒಂದು ಕೊಡಬಹುದು. ಉದ್ದನೆಯ ಕೋಲು, ತುದಿಗೆ ತಂತಿಯಿಂದ ಬಿಗಿದ ಗೋಣಿ ಅಥವಾ ಹತ್ತಿ ಬಟ್ಟೆ, ಅದಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್. ಅದ್ದಿದ ಮೇಲೆ ಎಣ್ಣೆ ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಗಾಳಿಗೆ ಬೆನ್ನು ಮಾಡಿ, ಕೋಲನ್ನು ಮುಂದಕ್ಕೆ ವಾಲಿಸಿ ಹಿಡಿಯಿರಿ. ನೆಟ್ಟಗೆ ತಲೆಯ ಮೇಲೆ ಹಿಡಿದರೆ ಉರಿಯುವ ಹನಿ ನಿಮ್ಮ ಮೇಲೇ ಬೀಳುತ್ತದೆ. ಮಿನುಗಿನ ಬಟ್ಟೆ ಬಹುಪಾಲು ಸಿಂಥೆಟಿಕ್, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಸಣ್ಣ ಬೆಂಕಿಯನ್ನು ಹಾರಿ ದಾಟುವ ಪದ್ಧತಿ ಕೆಲವು ಕಡೆ ಇದೆ. ಹಾರುವುದಾದರೆ ಉರಿ ಇಳಿದ ಮೇಲೆ, ಒಬ್ಬೊಬ್ಬರಾಗಿ, ಒಂದೇ ದಿಕ್ಕಿಗೆ. ಎದುರಿಂದ ಇನ್ನೊಬ್ಬ ಹಾರಿ ಬಂದರೆ ನಡುವೆ ಡಿಕ್ಕಿ. ಇನ್ನು ಟೈರ್ ಸುಡುವ ಚಾಳಿ ಒಂದಿದೆ. ಹೊಗೆ ಕಪ್ಪಗೆ ಎದ್ದು ದೂರಕ್ಕೆ ಕಾಣುತ್ತದೆ ಅನ್ನುವುದು ನಿಜ, ಆದರೆ ಅದರ ಹತ್ತಿರ ನಿಲ್ಲುವ ಅಗತ್ಯ ನಿಮಗಿಲ್ಲ. ಗುಂಪಿನ ನಡುವೆ ಪಟಾಕಿ ಎಸೆಯುವ ಹುಡುಗರೂ ಇರುತ್ತಾರೆ, ಮಗುವನ್ನು ಹೆಗಲ ಮೇಲೆ ಕೂರಿಸಬೇಡಿ.

ಯುರೋಪಿನ ಊರುಗಳಲ್ಲಿ ನೀವೇ ಸ್ನೇಹಿತರ ಜೊತೆ ಮಾಡುವುದಾದರೆ ಪಾರ್ಕಿನಲ್ಲಿ ಬೆಂಕಿ ಹಚ್ಚಲು ನಗರಸಭೆಯ ಅನುಮತಿ ಬೇಕು. ಸಿಗದಿದ್ದರೆ ಕಬ್ಬಿಣದ ಬೋಗುಣಿಯಲ್ಲಿ ನಾಲ್ಕು ಕಟ್ಟಿಗೆ ಸಾಕು, ಸುತ್ತ ನಿಲ್ಲಲು ಜನ ಇರಬೇಕು ಅಷ್ಟೇ.

6. ಕುಣಿತದ ಸಾಲಿಗೆ ಸೇರುವುದು

ಹೊಸಬರು ಹೆದರುವುದು ಇಲ್ಲೇ. ಕುರ್ದ್ ಮಾತಿನ ಎರಡು ದೊಡ್ಡ ಬಗೆ ಸೊರಾನಿ ಮತ್ತು ಕುರ್ಮಾಂಜಿ. ಸೊರಾನಿ ಮಾತಾಡುವ ಕಡೆ ಈ ಕುಣಿತವನ್ನು ಹಲ್ಪರ್ಕೆ ಅನ್ನುತ್ತಾರೆ, ಕುರ್ಮಾಂಜಿ ಕಡೆ ಗೋವೆಂದ್. ಸಾಲಿನ ಬಲತುದಿಯಲ್ಲಿ ನಾಯಕ ಇರುತ್ತಾನೆ ಅಥವಾ ನಾಯಕಿ ಇರುತ್ತಾಳೆ, ಕೈಯಲ್ಲಿ ಬಣ್ಣದ ಕರವಸ್ತ್ರ ಬೀಸುತ್ತ. ಹೀಗೆ ಸಾಲು ನಡೆಸುವವರಿಗೆ ಸರ್ಚೋಪಿ ಅಂತಾರೆ. ಸಾಲು ಸಾಮಾನ್ಯವಾಗಿ ಬಲಕ್ಕೆ ಸರಿಯುತ್ತ ಸುತ್ತು ಹಾಕುತ್ತದೆ. ಗಂಡಸರು ಹೆಂಗಸರು ಬೆರೆತು ಕೈ ಹಿಡಿದು ಕುಣಿಯುವುದು ಸಾಮಾನ್ಯ. ಇರಾನ್ ಕಡೆ ಅಂಥ ಸಾಲಿಗೆ ಗೋಧಿ-ಬಾರ್ಲಿ ಅಂತಲೇ ಹೆಸರು. ಆದರೆ ಕೆಲವು ಊರು, ಕೆಲವು ಮನೆತನಗಳಲ್ಲಿ ಹೆಂಗಸರ ಸಾಲೇ ಬೇರೆ. ಎರಡು ನಿಮಿಷ ನೋಡಿ, ಆಮೇಲೆ ಸೇರಿ.

ಸೇರುವ ಜಾಗ ಮುಖ್ಯ. ನಾಯಕನ ಪಕ್ಕದಲ್ಲಿ ಹೋಗಿ ನುಗ್ಗಬೇಡಿ, ಅಲ್ಲಿ ಚೆನ್ನಾಗಿ ಕುಣಿಯುವವರು ಇರುತ್ತಾರೆ. ಎಡಗಡೆಯ ಬಾಲ ಹಿಡಿಯಿರಿ. ಅಥವಾ ಪರಿಚಯದವರು ಇಬ್ಬರು ಕೈ ಬಿಡಿಸಿ ನಡುವೆ ಕರೆದರೆ ಅಲ್ಲಿ ನಿಲ್ಲಿ. ಗಂಡ-ಹೆಂಡತಿಯ ನಡುವೆ ಮಾತ್ರ ಹೋಗಬೇಡಿ.

ಕೈ ಹಿಡಿಯುವುದು ಹಾಡಿನ ಪ್ರಕಾರ ಬದಲಾಗುತ್ತದೆ. ಕೆಲವಕ್ಕೆ ಕಿರುಬೆರಳು ಕಿರುಬೆರಳಿಗೆ ಕೊಕ್ಕೆ. ಕೆಲವಕ್ಕೆ ಬೆರಳುಗಳನ್ನೆಲ್ಲ ಹೆಣೆದು, ತೋಳು ಕೆಳಗೆ ನೆಟ್ಟಗೆ, ಹೆಗಲಿಗೆ ಹೆಗಲು ಒತ್ತಿಕೊಂಡು ನಿಲ್ಲುತ್ತಾರೆ. ಈ ಎರಡನೆಯದು ಹೊಸಬರಿಗೆ ವರ. ಪಕ್ಕದವರ ಮೈ ಎತ್ತ ವಾಲುತ್ತದೋ ನಿಮ್ಮದೂ ಅತ್ತಲೇ ಹೋಗುತ್ತದೆ.

ಹೆಜ್ಜೆಗಳು ಊರಿಗೊಂದು. ಒಂದು ಸುಲಭದ್ದನ್ನು ಮನೆಯಲ್ಲೇ ರೂಢಿ ಮಾಡಿಕೊಂಡು ಹೋಗಿ. ಬಲಗಾಲು ಬಲಕ್ಕೆ ಇಡಿ, ಎಡಗಾಲು ಅದರ ಮುಂದೆ ದಾಟಿಸಿ ಇಡಿ. ಮತ್ತೆ ಬಲಗಾಲು ಬಲಕ್ಕೆ. ಈಗ ಎಡಗಾಲನ್ನು ನೆಲಕ್ಕೆ ಊರದೆ ಮುಂದಕ್ಕೆ ಸ್ವಲ್ಪ ಚಿಮ್ಮಿ. ಎಡಗಾಲು ವಾಪಸು ಜಾಗಕ್ಕೆ, ಬಲಗಾಲು ಚಿಮ್ಮಿ. ಮತ್ತೆ ಮೊದಲಿಂದ. ಮೊಣಕಾಲು ಸಡಿಲ ಇರಲಿ, ಹೆಗಲು ತಾಳಕ್ಕೆ ತಾನಾಗಿ ಮೇಲೆ ಕೆಳಗೆ ಆಡುತ್ತದೆ. ನಾಯಕನ ಕಾಲು ನೋಡಿದರೆ ಗೊಂದಲ ಜಾಸ್ತಿ, ಅವನು ಏನೇನೋ ಕಸರತ್ತು ಮಾಡುತ್ತಿರುತ್ತಾನೆ. ಎದುರು ಬಾಗಿದ ಸಾಲಿನಲ್ಲಿ ವಯಸ್ಸಾದ ಒಬ್ಬರನ್ನು ಹುಡುಕಿ, ಅವರ ಕಾಲು ನೋಡಿ.

ತಪ್ಪಿದರೆ ನಿಲ್ಲಬೇಡಿ. ನಿಂತರೆ ಇಡೀ ಸಾಲು ಮುಗ್ಗರಿಸುತ್ತದೆ, ತಪ್ಪು ಹೆಜ್ಜೆ ಇಟ್ಟರೆ ಯಾರಿಗೂ ಏನೂ ಆಗುವುದಿಲ್ಲ. ಸುಸ್ತಾದರೆ ಪಕ್ಕದ ಇಬ್ಬರ ಕೈಗಳನ್ನು ಒಂದಕ್ಕೊಂದು ಜೋಡಿಸಿ ಕೊಟ್ಟು ಹಿಂದಕ್ಕೆ ಸರಿಯಿರಿ.

7. ಮರುದಿನ ಸೈರಾನ್

21ರ ಬೆಳಗ್ಗೆ ಊರೆಲ್ಲ ಖಾಲಿ. ಸೈರಾನ್ ಅಂದರೆ ಮನೆಮಂದಿಯೆಲ್ಲ ಹಸಿರು ಹುಡುಕಿಕೊಂಡು ಹೋಗಿ ಉಂಡು, ಕುಣಿದು ಬರುವುದು. ಶಕ್ಲಾವಾ, ರವಾಂದೂಜ್, ದುಕಾನ್ ಕೆರೆ, ಸುಲೈಮಾನಿಯಾ ಪಕ್ಕದ ಅಜ್ಮರ್ ಬೆಟ್ಟ, ಎಲ್ಲಿ ಹುಲ್ಲು ಕಂಡರೆ ಅಲ್ಲಿ ಕಂಬಳಿ ಹಾಸಿರುತ್ತಾರೆ. ರಸ್ತೆ ಬದಿ ಹುಡುಗರು ಹೂವು, ಕಾಡುಸೊಪ್ಪು ಮಾರುತ್ತ ನಿಂತಿರುತ್ತಾರೆ. ಆ ಹಸಿರು ಹೆಚ್ಚು ದಿನದ್ದಲ್ಲ. ಮೇ ಕೊನೆಗೆ ಬೆಟ್ಟವೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಈ ಆತುರ.

ನಿಮ್ಮನ್ನು ಯಾರಾದರೂ ಕರೆದಿದ್ದರೆ ಬೆಳಗ್ಗೆ ಒಂಬತ್ತಕ್ಕೆ ಹೊರಡಲು ಸಿದ್ಧರಾಗಿರಿ. ಬರಿಗೈಲಿ ಹೋಗಬೇಡಿ. ಹಣ್ಣು, ಒಣಹಣ್ಣು, ಸಿಹಿ ಆಗಬಹುದು. ನಮ್ಮ ಕಡೆಯ ಮೈಸೂರು ಪಾಕ್ ಅಲ್ಲಿ ಚೆನ್ನಾಗಿ ಖರ್ಚಾಗುತ್ತದೆ, ಸಿಹಿಗೆ ಹೆದರುವ ಜನ ಅಲ್ಲ ಅವರು. ಊಟ ನಾವು ತರುತ್ತೇವೆ ಅಂದರೆ ಅವರು ಒಪ್ಪುವುದಿಲ್ಲ.

ಊಟದ ರಾಜ ದೋಲ್ಮಾ, ಅಂದರೆ ಎಲೆ, ತರಕಾರಿಗಳಿಗೆ ಅಕ್ಕಿ-ಕೈಮಾ ತುಂಬಿ ಬೇಯಿಸಿದ್ದು. ಸುಲೈಮಾನಿಯಾ ಕಡೆ ಇದಕ್ಕೆ ಯಾಪ್ರಾಖ್ ಅನ್ನುತ್ತಾರೆ. ಬೆಂಗಳೂರಿನ ಅಡುಗೆಮನೆಯಲ್ಲೂ ಮಾಡಬಹುದು, ಎಂಟು ಜನಕ್ಕೆ ಲೆಕ್ಕ ಕೊಡುತ್ತೇನೆ. ಮೂರು ಕಪ್ ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ. ಬಾಸ್ಮತಿ ಬೇಡ, ಸೋನಾ ಮಸೂರಿ ಸರಿಹೋಗುತ್ತದೆ. ನೀರು ಬಸಿದು 400 ಗ್ರಾಂ ಕುರಿ ಕೈಮಾ, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಒಂದೊಂದು ಕಟ್ಟು ಸಬ್ಬಸಿಗೆ ಮತ್ತು ಪಾರ್ಸ್ಲಿ, ಮೂರು ದೊಡ್ಡ ಚಮಚ ಟೊಮೆಟೊ ಪೇಸ್ಟ್, ಅರ್ಧ ಕಪ್ ಎಣ್ಣೆ, ಉಪ್ಪು, ಮೆಣಸಿನ ಪುಡಿ, ದಾಳಿಂಬೆ ಪಾಕ ಮೂರು ಚಮಚ ಹಾಕಿ ಕಲಸಿ. ದಾಳಿಂಬೆ ಪಾಕ ಇಲ್ಲದಿದ್ದರೆ ಗಟ್ಟಿ ಹುಣಸೆ ರಸ ಮತ್ತು ಚಿಟಿಕೆ ಬೆಲ್ಲ. ಹುಳಿ ಎದ್ದು ಕಾಣಬೇಕು, ಇಲ್ಲದಿದ್ದರೆ ಅದು ದೋಲ್ಮಾ ಅನಿಸುವುದಿಲ್ಲ.

ತುಂಬಲು ದ್ರಾಕ್ಷಿ ಎಲೆ, ಚಾರ್ಡ್ ಸೊಪ್ಪು, ಈರುಳ್ಳಿ, ಬದನೆ, ಜುಕಿನಿ, ದೊಣ್ಣೆಮೆಣಸಿನಕಾಯಿ. ನಮ್ಮಲ್ಲಿ ಚಾರ್ಡ್ ಅಪರೂಪ, ಎಲೆಕೋಸಿನ ಎಲೆ ಬಿಸಿನೀರಲ್ಲಿ ಬಾಡಿಸಿ ಬಳಸಿ. ಪಾಲಕ್ ಬೇಡ, ಹರಿದುಹೋಗುತ್ತದೆ. ಈರುಳ್ಳಿಯದೇ ಮಜಾ. ದೊಡ್ಡ ಈರುಳ್ಳಿಯನ್ನು ಒಂದು ಬದಿಯಿಂದ ನಡುವಿನವರೆಗೆ ಸೀಳಿ, ಹತ್ತು ನಿಮಿಷ ಕುದಿಸಿದರೆ ಪದರಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಪ್ರತಿ ಪದರಕ್ಕೂ ಒಂದು ಚಮಚ ಹೂರಣ ಇಟ್ಟರೆ ತಾನಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಯಾವುದನ್ನೂ ಪೂರ್ತಿ ಬಿಗಿಯಾಗಿ ತುಂಬಬೇಡಿ. ಅಕ್ಕಿ ಉಬ್ಬಲು ಕಾಲು ಭಾಗ ಜಾಗ ಬಿಡಿ.

ದಪ್ಪ ತಳದ ಪಾತ್ರೆಯ ಅಡಿಗೆ ಎಲುಬಿರುವ ಕುರಿ ಮಾಂಸದ ತುಂಡು, ಸಿಕ್ಕರೆ ಹಸಿ ಬಾಕ್ಲಾ ಅವರೆ. ಅದರ ಮೇಲೆ ಈರುಳ್ಳಿ, ತರಕಾರಿ, ಕೊನೆಗೆ ಎಲೆಯ ಸುರುಳಿಗಳು, ಒತ್ತೊತ್ತಾಗಿ. ಟೊಮೆಟೊ ಪೇಸ್ಟ್, ಉಪ್ಪು, ನಿಂಬೆರಸ ಕಲಸಿದ ನೀರನ್ನು ಮೇಲಿನ ಪದರಕ್ಕೆ ಒಂದು ಬೆರಳು ಕಡಿಮೆ ಇರುವಂತೆ ಹಾಕಿ. ಮೇಲೆ ಒಂದು ತಟ್ಟೆ ಬೋರಲು ಹಾಕಿ ಅದುಮಿ. ಜೋರು ಉರಿಯಲ್ಲಿ 15 ನಿಮಿಷ, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ. ಇಳಿಸಿದ ತಕ್ಷಣ ಮಗುಚಲು ಹೋಗಬೇಡಿ, ಕಾಲು ಗಂಟೆ ಬಿಡಿ. ಆಮೇಲೆ ದೊಡ್ಡ ಹರಿವಾಣ ಮುಚ್ಚಿ ಒಂದೇ ಏಟಿಗೆ ಬೋರಲು ಹಾಕಿ. ಈ ಕೆಲಸಕ್ಕೆ ಇಬ್ಬರು ಬೇಕು, ಹಿಡಿಯಲು ದಪ್ಪ ಬಟ್ಟೆಯೂ ಬೇಕು. ಎಲ್ಲರೂ ಸುತ್ತ ಕೂತು ಅದೇ ಹರಿವಾಣದಿಂದ ತಿನ್ನುತ್ತಾರೆ. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ, ಹಸಿ ಈರುಳ್ಳಿ, ಸೊಪ್ಪು.

ಸಸ್ಯಾಹಾರಿಗಳು ಮಾಂಸ ಬಿಟ್ಟು ಇದನ್ನೇ ಮಾಡಬಹುದು, ಸಬ್ಬಸಿಗೆ ಮತ್ತು ಎಣ್ಣೆ ಸ್ವಲ್ಪ ಜಾಸ್ತಿ ಹಾಕಿ. ಅಲ್ಲಿಗೆ ಹೋಗುವಾಗ ಎರಡು ದಿನ ಮುಂಚೆಯೇ ಹೇಳಿಬಿಡಿ. ಬಯಲಿಗೆ ಹೋದ ಮೇಲೆ ಹೇಳಿದರೆ ಆ ಮನೆಯ ಅಮ್ಮನಿಗೆ ದಿನವಿಡೀ ಕೊರಗು. ಹಾಗೆಂದು ಉಪವಾಸವೇನೂ ಬೀಳುವುದಿಲ್ಲ. ರೊಟ್ಟಿ, ಸೊಪ್ಪು ಬೆರೆಸಿದ ಚೀಸ್, ಮೊಸರು, ಅನ್ನ ಮತ್ತು ಬಿಳಿ ಬೀನ್ಸ್ ಗೊಜ್ಜು ಇರುತ್ತವೆ. ಗೊಜ್ಜಿಗೆ ಮಾಂಸದ ಸಾರು ಹಾಕಿದ್ದಾರಾ ಅಂತ ಒಂದು ಮಾತು ಕೇಳಿ.

ಊಟದ ಮೇಲೆ ಚಹಾ, ಸಣ್ಣ ಗಾಜಿನ ಲೋಟದಲ್ಲಿ, ಹಾಲಿಲ್ಲದೆ, ತಳದಲ್ಲಿ ಸಕ್ಕರೆ ತುಂಬಿಕೊಂಡು. ಕಟ್ಟಿಗೆ ಒಲೆಯ ಮೇಲೆ ಮಸಿ ಹಿಡಿದ ಕೆಟಲ್‌ನಲ್ಲಿ ಕಾಯಿಸಿದ್ದರೆ ರುಚಿ ಹೆಚ್ಚು. ಲೋಟ ಖಾಲಿಯಾದರೆ ಮತ್ತೆ ತುಂಬುತ್ತಾರೆ. ಸಾಕು ಅನಿಸಿದರೆ ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಡಿ.

8. ಮಾತು, ಮರ್ಯಾದೆ

ಎಲ್ಲಿಗೆ ಹೋದರೂ ನಡೆಯುವ ಶುಭಾಶಯ "ನೌರೋಜ್ ಪೀರೋಜ್ ಬೇ". ಸುಲೈಮಾನಿಯಾ, ಎರ್ಬಿಲ್ ಕಡೆ "ನೌರೋಜ್‌ತಾನ್ ಪೀರೋಜ್ ಬೇ" ಅಂದರೆ ಇನ್ನೂ ಚೆನ್ನ. ದೊಡ್ಡವರಿಗೆ ಹೇಳುವಾಗ ಬಲಗೈ ಎದೆಯ ಮೇಲಿರಲಿ. ಹೆಂಗಸರಿಗೆ ಗಂಡಸರು ತಾವಾಗಿ ಕೈ ಚಾಚಬೇಡಿ. ಅವರು ಚಾಚಿದರೆ ಹಿಡಿಯಿರಿ.

"ಇದು ಪರ್ಷಿಯನ್ನರ ಹಬ್ಬ ಅಲ್ವಾ?" ಅನ್ನುವ ಪ್ರಶ್ನೆಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಹಬ್ಬ ಹಲವು ಜನಾಂಗಗಳದ್ದು ಅಂತ ಅವರಿಗೂ ಗೊತ್ತು. ಆದರೆ ನಿಷೇಧ, ಜೈಲು, ಗುಂಡು ದಾಟಿ ಉಳಿಸಿಕೊಂಡಿರುವ ಹಬ್ಬದ ದಿನ ಆ ಚರ್ಚೆ ಯಾರಿಗೂ ಬೇಕಿರುವುದಿಲ್ಲ. ಫೋಟೊ ವಿಷಯಕ್ಕೆ ಬಂದರೆ, ಗುಂಪಿನ ಫೋಟೊ ಪರವಾಗಿಲ್ಲ, ಒಬ್ಬರದೇ ತೆಗೆಯುವ ಮುಂಚೆ ಕೇಳಿ. ಟರ್ಕಿ ಮತ್ತು ಇರಾನ್‌ನಲ್ಲಿ ಮುಖ ಕಾಣುವ ಫೋಟೊವನ್ನು ಅಂತರ್ಜಾಲಕ್ಕೆ ಹಾಕಲೇಬೇಡಿ. ನಿಮಗೆ ಲೈಕ್ ಸಿಗಬಹುದು, ಅವರಿಗೆ ಪೊಲೀಸ್ ಕರೆ ಬರಬಹುದು.

ವನಭೋಜನದ ಜಾಗಗಳಲ್ಲಿ ಪ್ಲಾಸ್ಟಿಕ್ ಕಸ ದೊಡ್ಡ ಸಮಸ್ಯೆ. ಎರಡು ದೊಡ್ಡ ಚೀಲ ಒಯ್ದು ನಿಮ್ಮ ಗುಂಪಿನದನ್ನಾದರೂ ತುಂಬಿಕೊಂಡು ಬನ್ನಿ. ಹಳೆಯ ಯುದ್ಧಗಳ ನೆಲಬಾಂಬುಗಳು ಗಡಿ ಬೆಟ್ಟಗಳಲ್ಲಿ ಈಗಲೂ ಇವೆ. ಕೆಂಪು ತ್ರಿಕೋನದ ಹಲಗೆ ಕಂಡರೆ ಅಲ್ಲಿಂದಾಚೆಗೆ ಒಂದು ಹೆಜ್ಜೆಯೂ ಬೇಡ. ದಾರಿ ಬಿಟ್ಟು ಹೂ ಕೀಳಲು ಹೋಗುವ ಮುಂಚೆ ಜೊತೆಗಿರುವ ಊರಿನವರನ್ನು ಕೇಳಿ.

9. ಏಪ್ರಿಲ್‌ವರೆಗೆ ಉಳಿದರೆ

ಅದೇ ನಾಡಿನಲ್ಲಿ ಇನ್ನೊಂದು ಹೊಸ ವರ್ಷ ಬರುತ್ತದೆ. ಕುರ್ಮಾಂಜಿ ಮಾತಾಡುವ, ಆದರೆ ತಮ್ಮದೇ ಬೇರೆ ಧರ್ಮ ಇರುವ ಯಜೀದಿಗಳ ಕೆಂಪು ಬುಧವಾರ. ಹಳೆಯ ಕ್ಯಾಲೆಂಡರ್ ಪ್ರಕಾರ ಏಪ್ರಿಲ್‌ನ ಮೊದಲ ಬುಧವಾರ, ಅಂದರೆ ನಮ್ಮ ಲೆಕ್ಕಕ್ಕೆ ತಿಂಗಳ ನಡುವೆ. ಇದನ್ನು ನೌರೋಜ್ ಅನ್ನಬೇಡಿ. ಯಜೀದಿಗಳಲ್ಲಿ ಹಲವರು ತಮ್ಮನ್ನು ಕುರ್ದರು ಅಂತಲೂ ಕರೆದುಕೊಳ್ಳುವುದಿಲ್ಲ. ಮೊಟ್ಟೆ ಬೇಯಿಸಿ ಬಣ್ಣ ಹಚ್ಚಿ, ಒಂದಕ್ಕೊಂದು ಕುಟ್ಟಿ ಯಾರದು ಒಡೆಯುತ್ತದೆ ಅಂತ ಆಡುತ್ತಾರೆ. ಮೊಟ್ಟೆ ಸಿಪ್ಪೆ ಮತ್ತು ಕೆಂಪು ಕಾಡುಹೂವನ್ನು ಒದ್ದೆ ಮಣ್ಣಿನಿಂದ ಬಾಗಿಲ ಮೇಲೆ ಅಂಟಿಸುತ್ತಾರೆ. ಆ ತಿಂಗಳು ಅವರಲ್ಲಿ ಮದುವೆ ಇಲ್ಲ. ತಿಂಗಳೇ ಮದುವಣಗಿತ್ತಿ ಅಂತ ನಂಬಿಕೆ.

ಹಿಂದಿನ ಸಂಜೆ ಶೇಖಾನ್ ಬಳಿಯ ಲಾಲಿಶ್ ಕಣಿವೆಯಲ್ಲಿ, ಅವರ ಸಂತ ಶೇಖ್ ಅದಿಯ ಸಮಾಧಿ ಇರುವ ಗುಡಿಯ ಅಂಗಳದಲ್ಲಿ, ಎಣ್ಣೆ ದೀಪ ಹಚ್ಚುತ್ತಾರೆ. ಹೊರಗಿನವರಿಗೂ ಪ್ರವೇಶ ಇದೆ. ಚಪ್ಪಲಿ, ಶೂಗಳನ್ನು ಊರ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ನಡೆಯಬೇಕು. ಏಪ್ರಿಲ್ ಸಂಜೆ ಕಲ್ಲು ಕೊರೆಯುತ್ತದೆ, ಸಾಕ್ಸ್ ಒಯ್ಯಿರಿ. ಗುಡಿಯ ಹೊಸ್ತಿಲನ್ನು ತುಳಿಯಬಾರದು, ದಾಟಬೇಕು. ಒಳಗೆ ಕಂಬಗಳಿಗೆ ಕಟ್ಟಿದ ಬಣ್ಣಬಣ್ಣದ ರೇಷ್ಮೆ ಬಟ್ಟೆಗಳಲ್ಲಿ ಹಿಂದಿನವರು ಹಾಕಿದ ಗಂಟುಗಳಿರುತ್ತವೆ. ಅದರಲ್ಲಿ ಒಂದನ್ನು ಬಿಚ್ಚಿ, ಆಮೇಲೆ ನಿಮ್ಮ ಹರಕೆಯ ಗಂಟು ಹಾಕಬೇಕು.